ಸಾಣೆಕಲ್ಲಿನ ಕೆಲಸ ಬಿಟ್ಟು ಭಾಷಣಕ್ಕೆ ನಿಂತ ‘ಹೋನ್’ ಪದಕ್ಕೊಂದು ಬಹಿರಂಗ ಪತ್ರ

ಇಂಗ್ಲಿಷ್ ನಿಘಂಟಿನ ಎಚ್ ವಿಭಾಗದಲ್ಲಿ ಸಪರಿವಾರರಾಗಿ ನೆಲೆಸಿರುವ ‘ಹೋನ್’ ಪದದವರ ಸನ್ನಿಧಿಗೆ,

ಮಾನ್ಯರೇ,

ಮರಗೆಲಸದ ಕಾರ್ಖಾನೆಯ ಮೂರನೇ ಬೆಂಚಿನಲ್ಲಿ ಮೇಜಿನ ಡ್ರಾಯರುಗಳನ್ನು ಜೋಡಿಸುವ ಬಡಗಿಯಾದ ನಾನು ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂಬುದರಲ್ಲಿ ನನಗೆ ಲವಲೇಶವೂ ಅನುಮಾನವಿಲ್ಲ. ಏಕೆಂದರೆ ನಮ್ಮ ತರಬೇತಿ ಸಾಹೇಬರು ದಿನಾ ಬೆಳಿಗ್ಗೆ ತಮ್ಮ ನಾಮಸ್ಮರಣೆ ಮಾಡುವುದನ್ನು ಆಕಳಿಸುತ್ತಲೇ ಆದರೂ ಕಿವಿಯಾರೆ ಕೇಳುತ್ತಿದ್ದೇನೆ.

ಸಾಹೇಬರು ಬರುವ ಮುಂಚೆ ನಮ್ಮಲ್ಲೊಂದು ರೂಢಿಯಿತ್ತು. ಮರ ಮುಟ್ಟುವ ಮೊದಲು ಎಲ್ಲರೂ ಕಿಟಕಿಯ ಪಕ್ಕದ ಸಾಣೆಕಲ್ಲಿನ ಸುತ್ತ ಸೇರಿ, ನೀರು ಚಿಮುಕಿಸಿ, ಸರದಿಯಂತೆ ಉಳಿ ಮಸೆಯುತ್ತಿದ್ದೆವು. ಯಾರ ಮಗುವಿಗೆ ಜ್ವರ, ಯಾವ ಹಲಗೆಯಲ್ಲಿ ಗಂಟು, ಯಾರಿಗೆ ಯಾರ ಮೇಲೆ ಮುನಿಸು ಎಂಬುದೆಲ್ಲ ಆ ಹೊತ್ತಿನಲ್ಲೇ ಇತ್ಯರ್ಥವಾಗಿ, ಉಳಿಯ ಜೊತೆ ಮನಸ್ಸೂ ಒಂದು ಹದಕ್ಕೆ ಬರುತ್ತಿತ್ತು. ಸಾಹೇಬರು ಇದನ್ನು ಬಾಗಿಲ ಬಳಿ ನಿಂತು ನೋಡಿ, ಇಷ್ಟು ಜನ ಒಂದು ಕಲ್ಲಿಗಾಗಿ ಕಾಯುವುದು ಕಾಲಹರಣವೆಂದು ತೀರ್ಮಾನಿಸಿ, ಕಲ್ಲನ್ನು ಎತ್ತಿಸಿಬಿಟ್ಟರು. ಅದೇ ಹೊತ್ತಿನಲ್ಲಿ ಈಗ ಅವರ ಉಪನ್ಯಾಸ ನಡೆಯುತ್ತದೆ, ಮತ್ತು ವಿಷಯ ಸಾಕ್ಷಾತ್ ತಾವೇ. ಕೌಶಲವನ್ನು ಹೋನ್ ಮಾಡಿಕೊಳ್ಳಿ, ಅಂದರೆ ಮಸೆದು ಹರಿತ ಮಾಡಿಕೊಳ್ಳಿ, ಗಮನವನ್ನು ಹೋನ್ ಮಾಡಿಕೊಳ್ಳಿ, ಆದರೆ ಮುಗುಳ್ನಗೆಯನ್ನೂ ಬಿಡಬೇಡಿ, ಅದನ್ನೂ ಹೋನ್ ಮಾಡಿಕೊಳ್ಳಿ ಎನ್ನುತ್ತಾರೆ. ಕಲ್ಲನ್ನು ತೊಳೆದು, ಎಣ್ಣೆ ಹಚ್ಚಿ, ಸ್ವಾಗತ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಕೆಳಗೆ ಹಿತ್ತಾಳೆಯ ಫಲಕದಲ್ಲಿ ತಮ್ಮ ಹೆಸರನ್ನು ಕೆತ್ತಿಸಿದ್ದಾರೆ. ಅದರ ಪಕ್ಕದಲ್ಲಿ ‘ಮುಟ್ಟಬಾರದು’ ಎಂಬ ಚೀಟಿಯೂ ಇದೆ.

ನಾನು ಸ್ವಲ್ಪ ಮುಂಗೋಪಿ. ಮನೆಗೆ ಹೋದವನೇ ಮಗಳ ದಪ್ಪ ನಿಘಂಟನ್ನು ಎಳೆದುಕೊಂಡು ತಮ್ಮ ಪೂರ್ವೋತ್ತರ ವಿಚಾರಿಸಿದೆ. ನೋಡಿದರೆ, ತಾವು ಹುಟ್ಟುವಾಗ ಬರೀ ಕಲ್ಲು! ಹಳೆಯ ಇಂಗ್ಲಿಷಿನಲ್ಲಿ ಕಲ್ಲಾಗಿ, ಗಡಿಯಲ್ಲಿ ನೆಟ್ಟ ಕಲ್ಲಾಗಿ ಬಿಸಿಲು ಗಾಳಿ ಸಹಿಸಿ, ಆಮೇಲೆ ಮಸೆಯುವ ಕಲ್ಲಾಗಿ ನಾಲ್ಕು ಜನರಿಗೆ ಉಪಕಾರ ಮಾಡಿ, ಬಹುಕಾಲದ ನಂತರ ಮಸೆಯುವ ಕ್ರಿಯೆಗೆ ಬಡ್ತಿ ಪಡೆದು, ಕೊನೆಗೆ ಮೈಗೆ ಒಂದು ಹನಿ ನೀರೂ ಸೋಕದಂತೆ ಕೌಶಲವೃದ್ಧಿಯ ಹುದ್ದೆಯಲ್ಲಿ ಕುಳಿತಿದ್ದೀರಿ. ಕಲ್ಲಾಗಿ ಸೇರಿ ಇಷ್ಟು ಮೇಲೇರಿದವರನ್ನು ನಮ್ಮ ಕಾರ್ಖಾನೆಯಲ್ಲಂತೂ ನಾನು ಕಂಡಿಲ್ಲ, ಅಥವಾ ಒಬ್ಬಿಬ್ಬರನ್ನು ಬಿಟ್ಟರೆ ಕಂಡಿಲ್ಲ. ತಮ್ಮದೇ ಹೆಸರಿನ ಇನ್ನೊಂದು ಹಳೆಯ ಪದಕ್ಕೆ ಗೊಣಗುವುದು, ಹಂಬಲಿಸುವುದು ಎಂಬ ಅರ್ಥವಿತ್ತಂತೆ. ತಮಗೂ ಅವರಿಗೂ ರಕ್ತಸಂಬಂಧವಿಲ್ಲವೆಂದು ನಿಘಂಟು ಸ್ಪಷ್ಟಪಡಿಸಿದ್ದರೂ, ಅವರ ವಿಳಾಸ ದಯಪಾಲಿಸಿದರೆ ನಮ್ಮ ಬೆಂಚಿನವರೆಲ್ಲ ಅವರ ಶಿಷ್ಯತ್ವ ಸ್ವೀಕರಿಸಲು ಸಿದ್ಧರಿದ್ದೇವೆ.

ಇನ್ನು ದೂರಿನ ವಿಷಯ. ನನ್ನೆದುರು ಕೂತು ಕೆಲಸ ಮಾಡುತ್ತಿದ್ದವರು ನನ್ನ ಅತ್ತಿಗೆ. ಅವರು ಕೂಡಿಸಿದ ಮೂಲೆಯ ಸಂದಿನಲ್ಲಿ ಒಂದು ಕಾಗದವೂ ತೂರುತ್ತಿರಲಿಲ್ಲ. ಕಲ್ಲು ಹೋದ ಮೇಲೆ ಮೊಂಡು ಉಳಿ ಮರವನ್ನು ಕತ್ತರಿಸುವ ಬದಲು ಜಜ್ಜತೊಡಗಿತು. ಮನೆಯಲ್ಲಿ ಮಸೆದು ತರೋಣವೆಂದರೆ ಉಳಿ ಗೇಟು ದಾಟುವಂತಿಲ್ಲ, ಹೊರಗಿನ ಕಲ್ಲು ಒಳಗೆ ಬರುವಂತಿಲ್ಲ. ಬಲ ಹಾಕಿ ಒತ್ತಿದಾಗ ಉಳಿ ಜಾರಿ ಅತ್ತಿಗೆಯ ಅಂಗೈ ಸೀಳಿತು. ಹೊಲಿಗೆ ಬಿಚ್ಚುವ ಮೊದಲೇ ಸಾಹೇಬರು, ಇವರ ಕೈಯನ್ನು ಇನ್ನಷ್ಟು ಹೋನ್ ಮಾಡಬೇಕಿದೆ ಎಂದು ಬರೆದು, ಅವರನ್ನು ಉಳಿ ಬಿಡಿಸಿ ಉಪ್ಪುಕಾಗದ ಉಜ್ಜುವ ಕಡೆಗೆ ಕಳಿಸಿದರು. ಮೊಂಡಾಗಿದ್ದು ಉಳಿ, ಕೆಟ್ಟಿದ್ದು ಅತ್ತಿಗೆಯ ಹೆಸರು. ನನಗೆ ಹೊಟ್ಟೆ ಉರಿಯುತ್ತದೆ, ಮಾನ್ಯರೇ, ಅದನ್ನು ಮುಚ್ಚಿಡಲು ನನಗೆ ಬರುವುದಿಲ್ಲ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಗಳಿಸಿದ ಬಡ್ತಿಗಳನ್ನೆಲ್ಲ ಕೆಲಕಾಲ ಬದಿಗಿಟ್ಟು, ಮೊದಲಿನಂತೆ ಕಲ್ಲಾಗಿ ನಮ್ಮ ಬೆಂಚಿನ ಮೇಲೆ ಬಂದು ಮಲಗಬೇಕೆಂದು ಪ್ರಾರ್ಥನೆ. ಮೈಗೆ ತಣ್ಣೀರು ಬೀಳುವುದು ತಮಗೀಗ ಅಭ್ಯಾಸವಿಲ್ಲದಿದ್ದರೆ ಬೆಚ್ಚಗೆ ಕಾಯಿಸಿ ತರುತ್ತೇವೆ. ಅದೂ ಅಸಾಧ್ಯವಾದರೆ, ಸಾಹೇಬರ ನಾಲಿಗೆಯ ಮೇಲೆ ತಾವು ಓಡಾಡುವ ರಭಸಕ್ಕೆ ಉಳಿ ತಾಗಿಸಿದರೆ ಹರಿತವಾಗಬಹುದೇ ಎಂಬುದನ್ನಾದರೂ ತಿಳಿಸುವುದು.

ಉಳಿ ಮೊಂಡಾದರೂ ವಿನಯ ಮೊಂಡಾಗದ,
ತಮ್ಮ ವಿಶ್ವಾಸಿ,
ಮೂರನೇ ಬೆಂಚಿನ ಬಡಗಿ

ತಾ.ಕ.: ಪತ್ರವನ್ನು ಅಂಚೆಗೆ ಹಾಕಲು ತಡವಾಯಿತು. ಈ ನಡುವೆ ಅತ್ತಿಗೆ ಒಂದು ಬೆಳಿಗ್ಗೆ ಯಾರನ್ನೂ ಕೇಳದೆ ಬೆಂಚಿನಲ್ಲಿದ್ದ ತಮ್ಮ ಹಳೆಯ ಉಳಿ ಹಿಡಿದು ಸ್ವಾಗತ ಕೋಣೆಗೆ ನಡೆದು, ಗಾಜಿನ ಮುಚ್ಚಳ ತೆಗೆದು, ಹೂದಾನಿಯ ನೀರು ಚಿಮುಕಿಸಿ ಮಸೆಯಲು ಕುಳಿತೇಬಿಟ್ಟರು. ಕೆಲಸ ಹೋಯಿತೆಂದೇ ನಾವೆಲ್ಲ ತಿಳಿದೆವು. ಆದರೆ ಅಲ್ಲಿದ್ದ ಅತಿಥಿಗಳು ಚಪ್ಪಾಳೆ ತಟ್ಟಿದ್ದರಿಂದ ಸಾಹೇಬರು ಫೋಟೊ ತೆಗೆಸಿಕೊಂಡು, ಅತ್ತಿಗೆಯನ್ನು ಅಲ್ಲಿಯೇ ಕಾಯಂ ಮಾಡಿದ್ದಾರೆ. ಅತಿಥಿಗಳು ಬಂದಾಗಲೆಲ್ಲ ಕೂತು ಮಸೆಯಬೇಕು. ನೆಲದ ಕಾರ್ಪೆಟ್ ಕೊಳೆಯಾಗುತ್ತದೆಂದು ಆ ಕೋಣೆಗೆ ಮರದ ತುಂಡು ತರುವಂತಿಲ್ಲ. ಕಾರ್ಖಾನೆಯಲ್ಲೇ ಅತಿ ಹರಿತವಾದ ಆ ಉಳಿ ಮಸೆದು ಮಸೆದು ಗಿಡ್ಡವಾಗುತ್ತಿದೆ. ನಿನ್ನೆ ಊಟದ ಹೊತ್ತಿಗೆ ಅತ್ತಿಗೆ ಅದನ್ನು ನನ್ನ ಕೈಗಿಟ್ಟು ಹೇಳಿದರು: “ಪೂರ್ತಿ ಸವೆದು ಹೋಗೋದ್ರೊಳಗೆ ನೀನಾದ್ರೂ ಇದರಲ್ಲಿ ಏನಾದ್ರೂ ಕೆತ್ತು.”