ಮಾಡಿನ ಮೇಲೊಂದು ನೀರಿನ ತೊಟ್ಟಿ

ಪದವಿ ಪಡೆಯುವುದೇ ಕಷ್ಟವೆಂದು ನಾನು ಬಹಳ ದಿನ ನಂಬಿದ್ದೆ. ಗೇಣಿಗೆ ಗದ್ದೆ ಮಾಡುವವರ ಮನೆಯಲ್ಲಿ ಹುಟ್ಟಿ, ಗಂಜಿ ಕುಡಿದು ಹೊಳೆ ದಾಟಿ ಶಾಲೆಗೆ ಹೋದವನು ಬಿ.ಎಸ್ಸಿ. ಎನ್ನಿಸಿಕೊಂಡರೆ ಹಾಗನ್ನಿಸುವುದು ಸಹಜ. ಆದರೆ ಅದಕ್ಕಿಂತ ಕಷ್ಟವಾದದ್ದು, ಪಡೆದ ಪದವಿಯ ಬಗ್ಗೆ ಬಾಯಿಬಿಡದೆ ಇರುವುದು.

ಸಾಗರದಲ್ಲಿ ನಾನು ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರು. ಬಾಡಿಗೆ ಮನೆಯ ಬಾವಿ ಬಹಳ ಆಳ. ಸೇದಿ ಸೇದಿ ಹೆಂಡತಿಯ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. "ಬಚ್ಚಲಿಗೊಂದು ನಲ್ಲಿ ಹಾಕಿಸ್ತೀನಿ, ತಿರುಗಿಸಿದರೆ ಸಾಕು" ಎಂದು ಮಾತು ಕೊಟ್ಟುಬಿಟ್ಟೆ. ನೀರು ಮೇಲಿಂದ ಕೆಳಕ್ಕೆ ಹರಿಯುತ್ತದೆ. ಆದ್ದರಿಂದ ಹಂಚಿನ ಮಾಡಿನ ಮೇಲೆ ತಗಡಿನ ತೊಟ್ಟಿ ಕೂರಿಸುವುದು. ಇಷ್ಟು ನನ್ನ ವಿಜ್ಞಾನ.

ಬಡಗಿ ಮಂಜಾಚಾರ್ರು ಮಾಡು ನೋಡಿದರು, ನನ್ನನ್ನು ನೋಡಿದರು. "ಇಳಿಜಾರು ಐತಲ್ಲ ಮೇಷ್ಟ್ರೇ?" ನಾನು ಜಗಲಿಯ ಮೇಲೆ ಇದ್ದಿಲಿನಿಂದ ತ್ರಿಕೋನ ಬರೆದು, ಭಾರ ಹೇಗೆ ಎರಡು ಪಾಲಾಗುತ್ತದೆ, ಘರ್ಷಣೆ ಹೇಗೆ ಜಾರದಂತೆ ಹಿಡಿಯುತ್ತದೆ ಎಂದು ಪಾಠ ಮಾಡಿದೆ. ತೊಟ್ಟಿ ಕೂರಿಸುವ ಸ್ಟ್ಯಾಂಡಿಗೆ ಸೂರಿನ ಕಡೆಯ ಕಾಲು ಉದ್ದ, ಮೇಲಿನ ಕಡೆಯದು ಗಿಡ್ಡ; ಆಗ ತೊಟ್ಟಿ ಮಟ್ಟಸ.

"ನಿಮ್ ಲೆಕ್ಕ ಸರಿ ಇರ್ಬೋದು. ಹಂಚು ಎಷ್ಟನೇ ಕ್ಲಾಸ್ ಓದೈತೆ?" ಎಂದರು ಆಚಾರ್ರು. "ಹಂಚಿರೋದು ನೀರು ಇಳ್ಸಾಕೆ, ಭಾರ ಹೊರಾಕಲ್ಲ. ವರ್ಷಾ ವರ್ಷಾ ಹಂಚು ಕೈಯಾಡ್ಸಾಕೆ ಮಾಡು ಹತ್ತೋನು ನಾನು. ಅಡೀಲಿ ಹಂಚು ಹೊರೋ ಮರ, ಪಕಾಸು, ಎಲ್ಲೈತೆ ನೋಡ್ಕಂಡು ಕಾಲು ಕೊಡ್ಬೇಕು."

ಬಿ.ಎಸ್ಸಿ. ಓದಿದವನಿಗೆ ಪಕಾಸು ತೋರಿಸುತ್ತಾರಂತೆ! ನಾನು ಹೇಳಿದ ಜಾಗದಲ್ಲೇ ಇಡಿಸಿದೆ.

ಖಾಲಿ ತೊಟ್ಟಿ ಗಂಭೀರವಾಗಿ ನಿಂತಿತು. ಆರನೆಯ ಕೊಡ ಸುರಿದಾಗ ಹಂಚು 'ಚಟ್' ಎಂದಿತು. ಎಂಟನೆಯದಕ್ಕೆ ಸ್ಟ್ಯಾಂಡಿನ ಒಂದು ಕಾಲು ಅಡುಗೆಮನೆಗೆ ಇಣುಕಿತು. ಅದರ ಹಿಂದೆಯೇ ನೀರು.

"ರೀ, ನಲ್ಲಿ ಬಚ್ಚಲಿಗೆ ಅಂದಿದ್ರಿ" ಎಂದಳು ಹೆಂಡತಿ, ಆರಿದ ಒಲೆಯ ಹೊಗೆಯೊಳಗಿಂದ.

ಮರುದಿನ ಮಂಜಾಚಾರ್ರು ಬಂದರು. ನಗಲಿಲ್ಲ, ನಕ್ಕಿದ್ದರೆ ಇಷ್ಟು ಅವಮಾನವಾಗುತ್ತಿರಲಿಲ್ಲ. ಹಂಚು ತೆಗೆದು, ನಾಲ್ಕು ಪಕಾಸಿಗೆ ಅಡ್ಡಲಾಗಿ ತೊಲೆ ಹಾಸಿ, ಅದರ ಮೇಲೆ ಕಾಲು ಊರಿ, ಸಂದಿಗೆ ತಗಡು ಹೊದಿಸಿದರು. ಈಗ ತೊಟ್ಟಿ ಬಂಡೆಯಂತೆ ಕೂತಿದೆ. ನನ್ನ ಗೋಳೂ ಅದೇ. ಬಿದ್ದುಹೋಗಿದ್ದರೆ ಯೋಜನೆ ಕೈಬಿಡಬಹುದಿತ್ತು. ಒಮ್ಮೆ ತುಂಬಿಸಿದ ನೀರು ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದನ್ನು ನನ್ನ ತ್ರಿಕೋನ ಹೇಳಿರಲಿಲ್ಲ. ನಲ್ಲಿ ತಿರುಗಿಸುವುದು ಅವಳ ಪಾಲು; ಬೆಳಗಾದರೆ ಸೇದಿ, ಪಂಚೆ ಎತ್ತಿ ಕಟ್ಟಿ, ಕೊಡ ಹೊತ್ತು ಏಣಿ ಹತ್ತುವುದು ನನ್ನ ಪಾಲು.

ನಿನ್ನೆ ಮಂಜಾಚಾರ್ರು ಬೀದಿಯಲ್ಲಿ ಸೈಕಲ್ಲು ನಿಲ್ಲಿಸಿ ಕೇಳಿದರು: "ಹೆಂಗೈತೆ ಮೇಷ್ಟ್ರೇ, ಅಲ್ಲಾಡ್ತದಾ?"

"ತೊಟ್ಟಿ ಅಲ್ಲಾಡಲ್ಲ ಆಚಾರ್ರೇ" ಎಂದೆ, ಹದಿಮೂರನೆಯ ಕೊಡದೊಂದಿಗೆ ಏಣಿಯ ನಡುವೆ ನಿಂತು. "ನಾನೇ ಅಲ್ಲಾಡ್ತಿದೀನಿ."