ಮುಂದಿನ ಬುಧವಾರದ ಹೊಟ್ಟೆನೋವು

ರೋಗಗಳಲ್ಲೂ ಮರ್ಯಾದಸ್ಥ ರೋಗ, ಮರ್ಯಾದೆಗೆಟ್ಟ ರೋಗ ಎಂದು ಎರಡು ಬಗೆ ಇವೆ ಎಂಬುದು ನನಗೆ ನಲವತ್ತಾರನೇ ವಯಸ್ಸಿನಲ್ಲಿ ತಿಳಿಯಿತು. ಸಕ್ಕರೆ ಕಾಯಿಲೆಯವರು ಮದುವೆಮನೆಯ ಪಂಕ್ತಿಯಲ್ಲಿ ಕೂತು ತಮ್ಮ ಸಕ್ಕರೆಯ ಅಂಕಿಯನ್ನು ಮಗನ ಎಸೆಸೆಲ್ಸಿ ಅಂಕದಂತೆ ಜೋರಾಗಿ ಹೇಳಿಕೊಳ್ಳುತ್ತಾರೆ. ಬಿಪಿಯವರಿಗೆ ಮನೆಯಲ್ಲಿ ಯಾರೂ ಎದುರು ಮಾತಾಡುವಂತಿಲ್ಲ. ನನಗೆ ಬಂದದ್ದು ಹೊಟ್ಟೆಯದು. ಅದೂ ಎಷ್ಟು ಸಲ, ಹೇಗೆ ಎಂಬ ವಿವರಗಳಿಲ್ಲದೆ ವರ್ಣಿಸಲಾಗದಂಥದ್ದು. ಒಂದು ವಾರ ಧಾರಾಳ, ಮರುವಾರ ಪೂರ್ತಿ ಮುಷ್ಕರ. ಹೊಟ್ಟೆಯನ್ನು ಒಳಗಿನಿಂದ ಯಾರೋ ಹಿಂಡಿದಂಥ ನೋವು; ಹೋಗಿ ಬಂದರೆ ಹಗುರ. ಇದನ್ನು ಯಾವ ಪಂಕ್ತಿಯಲ್ಲಿ ಕೂತು ಹೇಳುವುದು?

ನನ್ನ ಮನೆ ಬೆಟಗೇರಿಯಲ್ಲಿ, ಗಣಿತ ಕಲಿಸುವ ಹೈಸ್ಕೂಲು ಲಕ್ಷ್ಮೇಶ್ವರದಲ್ಲಿ. ನಡುವೆ ಬಸ್ಸು. ಈ ದಾರಿಯಲ್ಲಿ ಬಸ್ಸು ನಿಲ್ಲುವ ಜಾಗಗಳು ಎಲ್ಲರಿಗೂ ಗೊತ್ತು. ಕೈಮುಗಿದರೆ ನಿಲ್ಲಿಸಬಹುದಾದ ಜಾಗಗಳು ನನಗೊಬ್ಬನಿಗೇ ಗೊತ್ತು. ಕಂಡಕ್ಟರ್ ಒಳ್ಳೆಯ ಮನುಷ್ಯ. "ಮಾಸ್ತರ್ರ, ಮುಳಗುಂದದಾಗ ಐದು ಮಿನಿಟ್ ನಿಲ್ತೈತಿ, ಹೋಗಿ ಬಂದ್ಬಿಡ್ರಿ" ಎಂದು ಇಡೀ ಬಸ್ಸಿಗೆ ಕೇಳುವಂತೆ ಕರುಣೆ ತೋರುತ್ತಿದ್ದ. ಅಸುಂಡಿಯ ನಮ್ಮ ಚಿಕ್ಕಪ್ಪ ಹೊಟ್ಟೆಯನ್ನು ಒಂದೇ ಸಲ ಮುಟ್ಟಿ, "ಹೊಕ್ಕಳ ಸರದೈತಿ" ಎಂದು ತೀರ್ಪು ಕೊಟ್ಟು, ಎಣ್ಣೆ ಹಚ್ಚಿ ತಿಕ್ಕಿದ. ಹೊಕ್ಕಳು ಎಲ್ಲಿತ್ತೋ ಅಲ್ಲೇ ಇತ್ತು. ಸುತ್ತಲಿನ ಚರ್ಮ ಮಾತ್ರ ಸ್ವಲ್ಪ ಸರಿಯಿತು. ನಾನು ಹೆಂಡತಿ ಗಿರಿಜೆಯ ಒಗ್ಗರಣೆಯನ್ನು ಬೈದೆ. ಅವಳು ಸಿಟ್ಟಾಗಿ ದಿನವೂ ಗಂಜಿ ಇಟ್ಟಳು. ಗಂಜಿ ಕುಡಿದೂ ಹೊಟ್ಟೆ ಕೆಟ್ಟಾಗ ನನಗೆ ನಿಜವಾದ ಹೆದರಿಕೆ ಶುರುವಾಯಿತು.

ಇಲ್ಲೊಂದು ಗುಟ್ಟು ಹೇಳಿಬಿಡುತ್ತೇನೆ. ನನಗೆ ದೊಡ್ಡ ರೋಗವೇ ಬಂದಿದೆ ಎಂದು ನಾನು ನಂಬಿದ್ದೆ. ನಂಬಿದ್ದೇನು, ಮೊಬೈಲಿನಲ್ಲಿ ಓದಿ ಓದಿ ಸಾಧಿಸಿದ್ದೆ. ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ಗಿರಿಜೆ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುವುದನ್ನು ಬಾಗಿಲ ಮರೆಯಿಂದ ನೋಡುತ್ತ, ಪಾಪ, ಇವಳಿಗೆ ಗ್ಯಾಸ್ ಬುಕ್ ಮಾಡಲೂ ಬರುವುದಿಲ್ಲವಲ್ಲ ಎಂದು ಕಣ್ಣು ತುಂಬಿಕೊಳ್ಳುತ್ತಿದ್ದೆ. ಬರುತ್ತದೆ. ನಮ್ಮ ಮನೆಯಲ್ಲಿ ಗ್ಯಾಸ್ ಬುಕ್ ಮಾಡುವವಳೇ ಅವಳು. ದುಃಖದ ಭರದಲ್ಲಿ ಅದು ನೆನಪಿಗೆ ಬರುತ್ತಿರಲಿಲ್ಲ. ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿ ತೆರೆದೆ. ಪ್ರತಿಸಲವೂ "ಇನ್ನೊಂದು ರೊಟ್ಟಿ ಹಾಕು" ಎಂದೇ ಹೊರಬಿತ್ತು.

ಕೊನೆಗೆ ಅವಳೇ ನನ್ನನ್ನು ಗದಗಿನ ಒಬ್ಬ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಒಳಗೆ ಡಾಕ್ಟರ ಕುರ್ಚಿಯಲ್ಲಿ ಕೂತಿದ್ದವಳು ಸವಿತಾ. ಹತ್ತನೇ ತರಗತಿಯಲ್ಲಿ ನನ್ನ ಎದುರಿನ ಬೆಂಚಿನಲ್ಲಿ ಕೂತು ಬೀಜಗಣಿತ ಕಲಿತ ಹುಡುಗಿ. ಪ್ರಮೇಯ ಹೇಳಿಕೊಟ್ಟ ಬಾಯಿಂದ ಇವಳಿಗೆ ಏನೆಂದು ಹೇಳಲಿ? ಅವಳು ಮಾತ್ರ ನಿರಾಳವಾಗಿ ಕೇಳಿದಳು: "ರಾತ್ರಿ ನಿದ್ದಿ ಕೆಡಿಸಿ ಎಬ್ಬಸ್ತೈತೇನ್ರಿ ಸರ್? ರಕ್ತ ಏನರ ಹೋಗೇತೇನು? ಮನ್ಯಾಗ ಯಾರಿಗರ ಕರುಳಿನ ರೋಗ ಇತ್ತೇನು? ತೂಕ ಇಳದೈತೇನು?" ನಾನು ಎಲ್ಲಕ್ಕೂ ಇಲ್ಲ ಎಂದು ತಲೆಯಾಡಿಸುತ್ತಿದ್ದೆ. ತೂಕದ ಪ್ರಶ್ನೆಗೆ ಗಿರಿಜೆ, "ಇಳಿಯೋದು ಎಲ್ಲಿದು ಬಿಡ್ರಿ, ಪ್ಯಾಂಟು ಎರಡು ಸಲ ಬಿಚ್ಚಿ ಹೊಲಸೇನಿ" ಎಂದಳು. ಸವಿತಾ ರಕ್ತ, ಮಲ ಎಲ್ಲ ಪರೀಕ್ಷೆಗೆ ಬರೆದುಕೊಟ್ಟು, "ಹದಿನೈದು ದಿವಸ ಒಂದು ನೋಟಬುಕ್ಕಿನಾಗ ಬರೀರಿ ಸರ್. ಏನ್ ತಿಂದ್ರಿ, ಯಾವಾಗ ನೋವು ಬಂತು, ಎಷ್ಟು ಸಲ ಹೋದ್ರಿ, ಆವಾಗ ಏನ್ ನಡದಿತ್ತು, ಎಲ್ಲಾ" ಎಂದಳು.

ಬರೆಯುವುದೆಂದರೆ ನಮ್ಮ ಮಾಸ್ತರ ಕುಲಕ್ಕೆ ಏನೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಮುಂದಿನ ವಾರ ಯಾವ ದಿನ ಯಾವ ಪಾಠ, ಮಕ್ಕಳು ಅದರಿಂದ ಏನು ಕಲಿತರು ಎಂಬುದನ್ನೆಲ್ಲ ನಾವು ಭಾನುವಾರವೇ ಪಾಠಟಿಪ್ಪಣಿಯಲ್ಲಿ ಬರೆದು ಮುಗಿಸುತ್ತೇವೆ. ಸೋಮವಾರ ಬೆಳಿಗ್ಗೆ ಮುಖ್ಯಗುರುಗಳು ಸಹಿ ಹಾಕುತ್ತಾರೆ. ಮಕ್ಕಳು ಆಮೇಲೆ ಕಲಿಯುತ್ತಾರೆ, ಅಥವಾ ಕಲಿಯುವುದಿಲ್ಲ. ಇಪ್ಪತ್ತೆರಡು ವರ್ಷ ಹೀಗೆ ಬರೆದ ಕೈ ಇದು. ಆ ಭಾನುವಾರ ಸ್ಕೇಲು ಹಿಡಿದು ಕೆಂಪು ಗೆರೆ ಎಳೆದೆ. ದಿನಾಂಕ, ಆಹಾರ, ನೋವು, ಸಲ, ಷರಾ ಎಂದು ಐದು ಕಾಲಂ ಮಾಡಿ ಹದಿನೈದು ದಿನದ್ದನ್ನೂ ಒಂದೇ ಬೈಠಕ್ಕಿನಲ್ಲಿ ತುಂಬಿಬಿಟ್ಟೆ. ಮೋಸ ಮಾಡುವ ಉದ್ದೇಶ ದೇವರಾಣೆಗೂ ಇರಲಿಲ್ಲ. ಕಷ್ಟವೂ ಆಗಲಿಲ್ಲ, ನನ್ನ ಹೊಟ್ಟೆಯ ವೇಳಾಪಟ್ಟಿ ನನಗೆ ಬಾಯಿಪಾಠವಾಗಿತ್ತು.

ಒಂಬತ್ತನೇ ದಿನ, ಮಂಗಳವಾರ, ರಿಪೋರ್ಟು ಬಂದಿವೆ ಎಂದು ಫೋನು ಬಂತು. ನೋಟುಬುಕ್ಕು ಹಿಡಿದು ಗಿರಿಜೆಯ ಹಿಂದೆ ಹೋದೆ. ಸವಿತಾ ರಿಪೋರ್ಟುಗಳನ್ನು ಬದಿಗಿಟ್ಟು ಮೊದಲು ನೋಟುಬುಕ್ಕನ್ನೇ ತೆರೆದಳು. ಓದುತ್ತ ಓದುತ್ತ ಅವಳ ಹುಬ್ಬು ಮೇಲೇರಿತು.

"ಸರ್, ಇವತ್ತ ಮಂಗಳವಾರ ಅಲ್ರಿ?"

"ಹೌದವಾ."

"ನಾಳಿ ಬುಧವಾರ ಹನ್ನೊಂದೂ ಕಾಲಕ್ಕ ಎರಡು ಸಲ ಹೋಗೀರಿ ಅಂತ ಐತಲ್ರಿ ಇಲ್ಲೆ?"

ಸವಿತಾ ಟೇಬಲ್ಲಿಗೆ ತಲೆ ಹಚ್ಚಿ ನಕ್ಕಳು. "ಉತ್ತರ ಮೊದಲ ಬರದು ಲೆಕ್ಕ ಆಮ್ಯಾಲೆ ಮಾಡಿದ್ರ ನಮ್ಮನ್ನ ಬೆಂಚಿನ ಮ್ಯಾಲೆ ನಿಂದ್ರಸ್ತಿದ್ರಿ ನೀವು" ಎಂದಳು. ಆಮೇಲೆ ಕಣ್ಣೊರೆಸಿಕೊಂಡು, "ಬುಧವಾರ ಹನ್ನೊಂದೂ ಕಾಲಕ್ಕ ಏನ್ ಇರ್ತೈತ್ರಿ?" ಎಂದು ಕೇಳಿದಳು. ಹತ್ತನೇ ತರಗತಿಯ ಗಣಿತದ ಫಲಿತಾಂಶದ ಬಗ್ಗೆ ಮುಖ್ಯಗುರುಗಳ ಸಭೆ ಎಂದೆ. ಅವಳು ನೋಟುಬುಕ್ಕಿನ ಸಾಲುಗಳ ಮೇಲೆ ಬೆರಳಾಡಿಸಿದಳು. "ಐತವಾರ ಕಳಸಾಪುರದಾಗ ಐದು ಮಿರ್ಚಿ ಭಜಿ, ಹಸಿ ಉಳ್ಳಾಗಡ್ಡಿ, ಎರಡು ಚಹಾ. ಹೊಟ್ಟಿಗೆ ಏನೂ ಇಲ್ಲ. ಬುಧವಾರ ಬರೇ ಗಂಜಿ, ಎರಡು ಸಲ. ನಿಮ್ಮ ಹೊಟ್ಟಿ ನಿಮಗಿಂತ ಶಿಸ್ತಿಂದು ಐತ್ರಿ ಸರ್" ಎಂದು ಹಾಳೆ ತಿರುವಿದವಳು ಕೊನೆಯ ಸಾಲಿಗೆ ಬಂದು ಗಕ್ಕನೆ ನಿಂತಳು. ಅಲ್ಲಿ ನಾನು ಬರೆದದ್ದು ನನಗೇ ಮರೆತುಹೋಗಿತ್ತು. ಗಿರಿಜೆ ಬಗ್ಗಿ ತಾನೇ ಗಟ್ಟಿಯಾಗಿ ಓದಿದಳು: "ಹದಿನೈದನೇ ದಿನ. ಷರಾ: ದೊಡ್ಡ ರೋಗ ಖಚಿತ. ಗಿರಿಜೆಗೆ ತಿಳಿಸುವುದು."

ಗಿರಿಜೆ ಸೆರಗಿನಿಂದ ಮೂಗು ಒರೆಸಿಕೊಂಡು, "ಮುಂದಿನ ಸೋಮವಾರ ತನಕ ನಾ ಗಂಜಿ ಕಾಸಬೇಕಿತ್ತೇನು, ಏನೂ ಗೊತ್ತಿಲ್ದ?" ಎಂದಳು. ನನಗೆ ನಾಚಿಕೆಯಾಯಿತು, ಅವಳ ಮುಖ ನೋಡಲಾಗಲಿಲ್ಲ. ಸವಿತಾ ರಿಪೋರ್ಟುಗಳನ್ನು ಅವಳ ಮುಂದೆ ಸರಿಸಿ ಹೇಳಿದಳು: "ಅಂಥಾದ್ದೇನೂ ಇಲ್ರಿ. ಎಲ್ಲಾ ಚಲೋ ಅದಾವು. ಇದಕ್ಕ ಐಬಿಎಸ್ ಅಂತಾರು. ಕರುಳು ನೋಡಾಕ ನೆಟ್ಟಗ ಇರ್ತೈತಿ, ಖರೆ ಭಾಳ ಸೂಕ್ಷ್ಮ ಆಗಿರ್ತೈತಿ. ತಲ್ಯಾಗಿನ ಅಂಜಿಕಿ ಅದಕ್ಕ ಜಲ್ದಿ ಮುಟ್ತೈತಿ. ಹಂಗಂತ ಸರ್ ಸುಳ್ಳು ಹೇಳ್ತಾರ ಅನಬ್ಯಾಡ್ರಿ, ನೋವು ಖರೇನ ಇರ್ತೈತಿ." ಯಾವುದು ತಿಂದರೆ ಕೆಡುತ್ತದೆ ಎಂದು ಒಂದೊಂದಾಗಿ ಬಿಟ್ಟು ನೋಡಲು, ಹೊತ್ತಿಗೆ ಸರಿಯಾಗಿ ಉಣ್ಣಲು, ನಡೆಯಲು ಹೇಳಿ, ಒಂದು ಗುಳಿಗೆ ಬರೆದಳು. ಕೊನೆಗೆ, "ನೋಟಬುಕ್ ಹೊಸಾದು ಮಾಡ್ರಿ. ಈ ಸಲ ಆದ ಮ್ಯಾಲೆ ಬರೀರಿ" ಎಂದಳು.

ನಾನು ಕುಣಿಯುವುದೊಂದು ಬಾಕಿ. ಹೊರಬಂದು ಗಿರಿಜೆಗೆ ಕಬ್ಬಿನ ಹಾಲು ಕುಡಿಸಿದೆ. ಅವಳು ಅರ್ಧ ಲೋಟ ಮುಗಿಸಿ, "ಇನ್ಮ್ಯಾಲೆ ಏನ್ ಅಂಜಿಕಿ ಬಂದ್ರೂ ಅವತ್ತಿಂದ ಅವತ್ತ ಹೇಳಬೇಕು ನನಗ" ಎಂದು ಕೈಯಲ್ಲಿ ಕೈ ಹಾಕಿಸಿ ಆಣೆ ಮಾಡಿಸಿಕೊಂಡಳು. ನಾನು ಮಾತಿಗೆ ತಪ್ಪುವವನಲ್ಲ. ಅಂದು ಸಂಜೆಯೇ ಎಡಗಿವಿಯಲ್ಲಿ ಗುಂಯ್ ಎನ್ನುತ್ತಿದೆ, ಇದು ಮಿದುಳಿನದಿರಬಹುದು ಎಂದೆ. ಮರುದಿನ ಎದೆಯ ಬಲಗಡೆ ಚುಳುಕು. ಅದರ ಮರುದಿನ ನಾಲಿಗೆಯ ಬಣ್ಣ, ಉಗುರಿನ ಗೆರೆ, ಬೆನ್ನಿನ ಮಚ್ಚೆ. ಅವಳು ಮೂರು ದಿನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನಿಲ್ಲಿಸಿ ಕೇಳಿದಳು. ನಾಲ್ಕನೇ ದಿನ ಹೊಸ ನೋಟುಬುಕ್ಕು ತಂದು ನನ್ನ ಮುಂದಿಟ್ಟು, "ಎಲ್ಲಾ ಐತವಾರ ಒಮ್ಮೆಲೆ ಬರದಿಡ್ರಿ, ಓದಿ ಸಹಿ ಮಾಡ್ತೀನಿ" ಎಂದಳು.

ಇಂದು ಭಾನುವಾರ. ಬರೆದು ಮುಗಿಸಿದೆ. ಮುಂದಿನ ಗುರುವಾರ ನನಗೆ ಮೊಣಕಾಲು ನೋವು ಇದೆ.