ತೀರ್ಥ ಕುದಿಸಿದ ಅತ್ತಿಗೆ

ವಿಜಯದಶಮಿಯ ಬೆಳಗ್ಗೆ ನಮ್ಮ ಅತ್ತಿಗೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಂದು, ಆಲ್ಕೊಳದ ನನ್ನ ಮನೆಯೊಳಗೆ ಕಾಲಿಡುವ ಮೊದಲೇ, ಮುಂಬಾಗಿಲಿನ ಚಿಲಕಕ್ಕೆ ಸ್ನಾನ ಮಾಡಿಸಿದರು. ದಿನದ ವಿಷಯದಲ್ಲಿ ಸಂಶಯ ಬೇಡ; ಗೋಡೆಯ ಕ್ಯಾಲೆಂಡರನ್ನೂ ಅವರು ಬಂದ ಬಸ್ಸಿನ ಶೂನ್ಯ ದರದ ಟಿಕೇಟನ್ನೂ ತಾಳೆ ನೋಡಿಯೇ ಬರೆಯುತ್ತಿದ್ದೇನೆ. ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಸವೆಸಿ ನಿವೃತ್ತನಾದವನಿಗೆ ಇಂಥ ಘಟನೆಗಳನ್ನು ಅಂದಾಜಿನ ಮೇಲೆ ಬಿಡಲಾಗುವುದೇ? ನನ್ನ ಮನೆಯ ಇತಿಹಾಸವನ್ನು ಇನ್ನು ಚಿಲಕ ತೊಳೆಯುವ ಮುನ್ನ, ಚಿಲಕ ತೊಳೆದ ನಂತರ ಎಂದು ಎರಡು ಯುಗಗಳಾಗಿ ವಿಂಗಡಿಸಬೇಕಾಗಿದೆ!

ಅವರು ಬಂದದ್ದು ಹಬ್ಬದೂಟಕ್ಕಲ್ಲ. ಕಪಾಟಿನ ಮೇಲ್ತುದಿಯಿಂದ ಒಂದು ದಪ್ಪ ಸಂಪುಟವನ್ನು ಇಳಿಸಲು ಸ್ಟೂಲು ಹತ್ತಿದ ನಾನು, ಸಂಪುಟಕ್ಕಿಂತ ಮೊದಲು ಕೆಳಗಿಳಿದಿದ್ದೆ. ತೊಡೆಯ ಮೂಳೆ ಮುರಿದು, ಆಪರೇಷನ್ ಆಗಿ, ಹೊಲಿಗೆ ಹಾಕಿದ ಕಾಲಿನೊಂದಿಗೆ ಮನೆಗೆ ಮರಳಿದ್ದೆ. ಹೆಂಡತಿ ತೀರಿಕೊಂಡ ಮೇಲೆ ಇಲ್ಲಿ ನಾನೊಬ್ಬನೇ. ಅಣ್ಣ ಹೋದ ಮೇಲೆ ಭದ್ರಾವತಿಯಲ್ಲಿ ಅತ್ತಿಗೆಯೂ ಒಬ್ಬರೇ. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ವಾರ್ಡ್ ಸಿಸ್ಟರ್ ಆಗಿ, ಕಾರ್ಖಾನೆಯ ಕಾರ್ಮಿಕರನ್ನು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಗದರಿಸಿ ಗುಣಪಡಿಸಿದವರು. ಅವರು ನಿವೃತ್ತರಾಗಿ ಬಹಳ ಕಾಲವಾಗಿದೆ. ಆ ಸುದ್ದಿ ಮಾತ್ರ ಅವರಿಗಿನ್ನೂ ತಲುಪಿಲ್ಲ.

ಚಿಲಕದ ತರುವಾಯ ಲೈಟಿನ ಸ್ವಿಚ್ಚುಗಳ ಸರದಿ ಬಂತು. ಆಮೇಲೆ ಟಿ.ವಿ. ರಿಮೋಟು, ನನ್ನ ಕನ್ನಡಕ, ಮೊಬೈಲು. ನನ್ನ ಭೂತಗನ್ನಡಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿದಾಗ ಅದರಲ್ಲಿ ಹಿಂದೆಂದೂ ಕಾಣದಷ್ಟು ಬೆಳಕು ಕಂಡು, ನಾನು ಹಿಂದೆ ಓದಿದ ಕೆಲವು ಅಕ್ಷರಗಳ ಬಗ್ಗೆಯೇ ನನಗೆ ಅನುಮಾನ ಹುಟ್ಟಿತು. ಅವರು ಕೈ ತೊಳೆಯುವುದನ್ನು ನೋಡಲೇಬೇಕು. ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳಿನ ಬುಡ, ಉಗುರ ತುದಿ, ಮಣಿಕಟ್ಟು. ಸಂಧ್ಯಾವಂದನೆಯಲ್ಲಿ ನಾನು ಹಂತಗಳನ್ನು ಹಾರಿಸುವಂತೆ ಅವರು ಒಂದನ್ನೂ ಹಾರಿಸುವುದಿಲ್ಲ. ಹಾಲಿನವನಿಗೂ ಇದೇ ಪಾಠವಾಯಿತು. ಆತ ಮಾರನೆಯ ದಿನದಿಂದ ಪ್ಯಾಕೆಟ್ಟನ್ನು ಗೇಟಿಗೆ ನೇತುಹಾಕಿ, ದೂರದಿಂದ ಗಂಟೆ ಬಾರಿಸಿ ಓಡತೊಡಗಿದ.

ಅತ್ತಿಗೆಯ ಕೀರ್ತಿ ಊರಿಗೆ ಹಬ್ಬಿದ್ದು ಮಾತ್ರ ತೀರ್ಥದ ಪ್ರಸಂಗದಿಂದ. ಕುಂಸಿಯಲ್ಲಿರುವ ನನ್ನ ಹಳೆಯ ಸ್ನೇಹಿತರೊಬ್ಬರು, ನಿವೃತ್ತ ಸಂಸ್ಕೃತ ಮೇಷ್ಟ್ರು, ನನ್ನನ್ನು ನೋಡಲು ಬಂದರು. ಮಡಿಯಲ್ಲಿ ಪೂಜೆ ಮುಗಿಸಿ, ತಂಬಿಗೆಯಲ್ಲಿ ತೀರ್ಥ ತಂದಿದ್ದರು. ನಮ್ಮವರ ಪದ್ಧತಿಯಂತೆ ಮೊದಲು ಹಾಸಿಗೆಯ ಅಂಚಿನಲ್ಲಿ ಕುಳಿತರು. ಆಮೇಲೆ ತುಳಸಿದಳವನ್ನು ತೀರ್ಥದಲ್ಲಿ ಅದ್ದಿ, ನನ್ನ ಹೊಲಿಗೆಯ ಬ್ಯಾಂಡೇಜಿನ ಮೇಲೆಯೇ ಪ್ರೋಕ್ಷಿಸಲು ಕೈ ಎತ್ತಿದರು. ಎಲ್ಲಿ ನೋವೋ ಅಲ್ಲಿಗೇ ತೀರ್ಥ ಎಂಬುದು ಅವರ ತರ್ಕ. ಎತ್ತಿದ ಕೈ ಎತ್ತಿದಂತೆಯೇ ನಿಂತಿತು; ಮಣಿಕಟ್ಟನ್ನು ಅತ್ತಿಗೆ ಹಿಡಿದಿದ್ದರು.

"ಮೇಷ್ಟ್ರೇ, ಮೊದಲು ಎದ್ದು ಕುರ್ಚಿಗೆ ಬನ್ನಿ. ಅದು ರೋಗಿ ಹಾಸಿಗೆ, ಬಸ್‌ಸ್ಟ್ಯಾಂಡ್ ಬೆಂಚಲ್ಲ."

"ನಾನು ಮಡೀಲಿದ್ದೀನಮ್ಮ. ಇದು ತೀರ್ಥ."

"ದೇವರ ಮೇಲೆ ನಂಗೇನೂ ಅನುಮಾನ ಇಲ್ಲ. ತಂಬಿಗೆ ತೊಳ್ದೋರು ಯಾರು?"

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಸೂರು ನೋಡಿದೆ. ಅತ್ತಿಗೆ ತಂಬಿಗೆಯನ್ನು ಭಕ್ತಿಯಿಂದಲೇ ಎರಡೂ ಕೈಯಲ್ಲಿ ಪಡೆದು ಅಡುಗೆಮನೆಗೆ ಒಯ್ದು, ತೀರ್ಥವನ್ನು ಮರಳುವವರೆಗೆ ಕುದಿಸಿ, ಆರಿಸಿ, ಬಿಸಿನೀರಲ್ಲಿ ತೊಳೆದ ಚಮಚದಿಂದ ನಮ್ಮಿಬ್ಬರ ಬಾಯಿಗೂ ಹಾಕಿದರು. ಗಾಯದ ಮೇಲೆ ಒಂದು ಹನಿಯನ್ನೂ ಬೀಳಗೊಡಲಿಲ್ಲ. ಕುದಿಸಿದ ತೀರ್ಥಕ್ಕೆ ಶಾಸ್ತ್ರಾಧಾರ ಉಂಟೇ ಎಂದು ಮೇಷ್ಟ್ರು ಊರಿಗೆ ಹೋಗಿ ಗ್ರಂಥಗಳನ್ನು ಹುಡುಕಿದರಂತೆ. ಉಂಟೆಂದೂ ಇಲ್ಲ, ಇಲ್ಲವೆಂದೂ ಇಲ್ಲ ಎಂದು ಫೋನಿನಲ್ಲಿ ತಿಳಿಸಿದರು. ಅಂದಿನಿಂದ ನನ್ನನ್ನು ಫೋನಿನಲ್ಲೇ ವಿಚಾರಿಸಿಕೊಳ್ಳುತ್ತಾರೆ. ಉಳಿದವರೂ ಅವರ ಮಾರ್ಗವನ್ನೇ ಹಿಡಿದರು. ಮನೆಯಲ್ಲಿ ಕ್ರಿಮಿಗಳೂ ಇಲ್ಲ, ನೆಂಟರೂ ಇಲ್ಲ!

ಅತ್ತಿಗೆಗೆ ಇನ್ನೊಂದು ಚಾಳಿಯಿದೆ. ಏನು ಮಾಡುವುದಾದರೂ ಮೊದಲು ಹೇಳಿಯೇ ಮಾಡುತ್ತಾರೆ. "ಈಗ ನಿನ್ನ ಎಡಗಡೆ ಹೊರಳಿಸ್ತೀನಿ. ಈಗ ಬೆನ್ನು ಒರೆಸ್ತೀನಿ, ಬಟ್ಟೆ ಬೆಚ್ಚಗಿದೆ. ಈಗ ಹಿಮ್ಮಡಿ ಕೆಳಗೆ ದಿಂಬು." ಕೇಳುತ್ತಾ ಮಲಗಿದರೆ ಕ್ರಿಕೆಟ್ಟಿನ ವೀಕ್ಷಕ ವಿವರಣೆಯಲ್ಲಿ ಚೆಂಡಾದ ಅನುಭವ. ನನಗೇ ಕಾಣುತ್ತಿರುವುದನ್ನು ಯಾಕೆ ಹೇಳಬೇಕು ಎಂದು ಒಮ್ಮೆ ಗೊಣಗಿದೆ. ಅವರು ಬಟ್ಟೆ ಹಿಂಡುತ್ತಿದ್ದ ಕೈಯನ್ನು ನಿಲ್ಲಿಸಿದರು.

"ಹೇಳದೆ ಮುಟ್ಟಬಾರದು ಮಾರಾಯ. ಮಲಗಿದೋನು ಸಾಮಾನಲ್ಲ. ನಿಮ್ಮಣ್ಣಂಗೆ ಕೊನೇಲಿ ಪ್ರಜ್ಞೆ ಇರ್ಲಿಲ್ಲ, ಅವರಿಗೂ ಹೇಳೇ ಮುಟ್ತಿದ್ದೆ."

ಹೆಂಡತಿ ತೀರಿಕೊಂಡ ಮೇಲೆ, ಆಸ್ಪತ್ರೆಯವರನ್ನು ಬಿಟ್ಟರೆ, ನನ್ನನ್ನು ಮುಟ್ಟಿದವನು ಕ್ಷೌರಿಕನೊಬ್ಬನೇ. ಅವನೂ ಹೇಳಿ ಮುಟ್ಟಿದವನಲ್ಲ. ಬೆಚ್ಚಗಿನ ಬಟ್ಟೆಯೊಂದು ಮನುಷ್ಯನ ಬೆನ್ನಿಗೆ ತಾಕಿದರೆ ಅದು ಅಲ್ಲೇ ಇರಲಿ ಎಂದು ಏಕೆ ಅನ್ನಿಸಬೇಕು? ಇದಕ್ಕೆ ನನ್ನ ಬಳಿ ಆಕರಗಳಿಲ್ಲ.

ಕಾಲು ಗುಣವಾಗತೊಡಗಿದಾಗ ನನ್ನ ಕಷ್ಟ ಆರಂಭವಾಯಿತು. ಹೊಲಿಗೆ ಬಿಚ್ಚಿದರು. ಅತ್ತಿಗೆ ಅಣ್ಣನ ಹಳೆಯ ಚರ್ಮದ ಬೆಲ್ಟನ್ನು ನನ್ನ ಸೊಂಟಕ್ಕೆ ಬಿಗಿದು, ಅದನ್ನು ಹಿಂದಿನಿಂದ ಹಿಡಿದು, ವಾಕರಿನ ಸಹಾಯದಿಂದ ನನ್ನನ್ನು ಗೇಟಿನವರೆಗೆ ನಡೆಸಿದರು. ಎದುರುಮನೆಯವರು ನೋಡಿ, ಎತ್ತನ್ನು ಪಳಗಿಸುತ್ತಿದ್ದೀರಾ ಎಂದು ಕೇಳಿದರು. "ಎತ್ತಾದ್ರೆ ಇಷ್ಟೊತ್ತಿಗೆ ಕಲೀತಿತ್ತು," ಎಂದರು ಅತ್ತಿಗೆ. ನಾನು ನಕ್ಕೆ, ಆದರೆ ಮನಸ್ಸಿನಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. ನಡೆಯುವುದನ್ನು ನಾನು ಕಲಿತ ದಿನ ಇವರು ಭದ್ರಾವತಿಯ ಬಸ್ಸು ಹತ್ತುತ್ತಾರೆ. ಆಮೇಲೆ ಈ ಮನೆಯಲ್ಲಿ 'ಈಗ ದೀಪ ಆರಿಸ್ತೀನಿ' ಎಂದು ಹೇಳುವವರು ಯಾರು? ಅಲ್ಲಿಯಾದರೂ ಅವರು ಯಾರಿಗೆ ಹೇಳುತ್ತಾರೆ? ಒಮ್ಮೆ ಕೇಳಿದ್ದಕ್ಕೆ, ಕುಕ್ಕರಿಗೆ ಹೇಳ್ತೀನಿ, ಅದೊಂದು ವಾಪಸ್ ಕೂಗುತ್ತೆ ಎಂದಿದ್ದರು.

ವಾಕರನ್ನು ಮೂಲೆಗಿಟ್ಟು ನಾನು ಕೋಲಿನ ಮೇಲೆ ಅಡುಗೆಮನೆಯವರೆಗೆ ಹೋಗಿಬಂದ ದಿನ, ಅತ್ತಿಗೆ ವಾಕರನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಮಡಚಿಟ್ಟರು. ಮಾರನೆಯ ಬೆಳಗ್ಗೆ ಅವರ ಬ್ಯಾಗು ಹಜಾರದಲ್ಲಿ ಸಿದ್ಧವಾಗಿ ಕುಳಿತಿತ್ತು. ಬೆಲ್ಟನ್ನು ಸುತ್ತಿ ಅದರ ಮೇಲೆ ಇಟ್ಟಿದ್ದರು. ನಾನು ತಿಂಡಿ ತಿನ್ನದೆ ಮಲಗಿಯೇ ಇದ್ದೆ. ಹಸಿವಿಲ್ಲ ಎಂದೆ. ಅವರು ಹೊರಡುವ ಮುನ್ನ ಕಡೆಯ ಸಲ ಎನ್ನುತ್ತ ಥರ್ಮಾಮೀಟರು ತಂದರು. ಈ ವಿಷಯದಲ್ಲಿ ಅವರು ಎಂಥ ಕಠೋರರೆಂದರೆ, ಜ್ವರ ನೋಡದೆಯೇ ಅಂಕಿ ಹೇಳಿದ ಕಿರಿಯ ನರ್ಸೊಬ್ಬಳೊಂದಿಗೆ ಆಕೆ ವರ್ಗವಾಗಿ ಹೋಗುವವರೆಗೆ ಮಾತು ಬಿಟ್ಟಿದ್ದರಂತೆ.

"ಈಗ ಕಂಕುಳಲ್ಲಿ ಇಡ್ತೀನಿ," ಎಂದರು. ಇಟ್ಟರು. ಅದು ಬೀಪ್ ಎಂದಿತು. ಬೆಳಕಿಗೆ ಹಿಡಿದು ನೋಡಿದರು. ನಂತರ ನನ್ನನ್ನು ನೋಡಿದರು. ಹಜಾರದ ಬ್ಯಾಗನ್ನೂ ನೋಡಿದರು.

"ನೂರು ದಾಟಿದೆ. ಇವತ್ತು ಹೋಗೋಕಾಗಲ್ಲ."

ಬ್ಯಾಗನ್ನು ಒಳಗೆ ಒಯ್ದು, ಗಂಜಿಗೆ ಅಕ್ಕಿ ತೊಳೆಯಲು ಹೋದರು. ಥರ್ಮಾಮೀಟರು ನನ್ನ ದಿಂಬಿನ ಪಕ್ಕದಲ್ಲೇ ಉಳಿದಿತ್ತು. ಗುಂಡಿಯನ್ನೊತ್ತಿದರೆ ಅದು ಹಿಂದಿನ ಸಲ ಕಂಡ ಅಂಕಿಯನ್ನು ಒಂದು ಕ್ಷಣ ತೋರಿಸುತ್ತದೆ. ತಾಳೆ ನೋಡುವ ಚಟ, ಒತ್ತಿದೆ. ತೊಂಬತ್ತೆಂಟು ಪಾಯಿಂಟ್ ಎರಡು.

ಕೇಳಿದ ಮಾತಿಗೂ ದಾಖಲೆಗೂ ವಿರೋಧ ಬಂದರೆ ದಾಖಲೆಯೇ ಪ್ರಮಾಣ ಎಂದು ಜೀವಮಾನವೆಲ್ಲ ವಾದಿಸಿದವನು ನಾನು. ಅಂಕಿ ತಾನಾಗಿ ಆರುವವರೆಗೆ ನೋಡುತ್ತಿದ್ದೆ. ಬಳಿಕ ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು, ಅಡುಗೆಮನೆಗೆ ಕೇಳುವಂತೆ ಹೇಳಿದೆ:

"ಅತ್ತಿಗೆ, ಸ್ವಲ್ಪ ಚಳಿಯೂ ಆಗ್ತಿದೆ."